ತಾಳಣ್ಣಾ!

ಮಂಜು ಮುಸುಕಿದ ಕೆರೆಯ ಮೇಲೆ ಒಂದು ರಾಕ್ ಬ್ಯಾಂಡ್ ತೇಲುತ್ತಿರುವಂತೆ ನಿಂತಿತ್ತು. ಮುಂದೆ ತಾವರೆ ಎಲೆಯ ಮೇಲೆ ಹಾಡುಗಾತಿ ಕಪ್ಪೆ. ಹಿಂದೆ ಡ್ರಮ್ಮರ್ ಮರಕುಟಿಗ, ಒಣಮರವೇ ಅದರ ಡ್ರಮ್. ಕಪ್ಪೆಗೆ ಇದು ಮೊದಲ ಹಾಡು. ಹಾಡು ಕೆಟ್ಟರೆ ಎಲೆ ಖಾಲಿ ಮಾಡಬೇಕೆಂದು ಬ್ಯಾಂಡಿನ ಯಜಮಾನ ಕೊಕ್ಕರೆ ಮೊದಲೇ ಹೇಳಿತ್ತು.

ಮರಕುಟಿಗ ಬಿಡುವಿಲ್ಲದೆ ಕುಟ್ಟಿತು. ಉಸಿರೆಳೆಯಲು ಸಂದು ಸಿಗದೆ ಕಪ್ಪೆ ಕೂಗಿತು: "ತಾಳಣ್ಣಾ!"

ತಾಳ ಕೇಳುತ್ತಿದ್ದಾಳೆಂದು ಹಿಗ್ಗಿ ಮರಕುಟಿಗ ಇನ್ನೂ ಜೋರಾಗಿ ಕುಟ್ಟಿತು. ದಡದ ಆಮೆಗಳು ಗೇಲಿಯ ಸಿಳ್ಳೆ ಹೊಡೆದವು. ಕಪ್ಪೆಯ ದನಿ ಒಡೆಯಿತು.

"ಲೋ ಕಿವುಡ," ಎಂದಿತು ಒಣಮರ, "ಅವಳು ತಾಳ ಕೊಡು ಅನ್ನಲಿಲ್ಲ, ಸ್ವಲ್ಪ ತಾಳು ಅಂದಳು. ನಿನ್ನ ಕೊಕ್ಕಿನ ಸದ್ದೇ ನಿನಗೆ ಲೋಕ. ಅವಳ ಬೆನ್ನು ನೋಡೋ!"

ಮರಕುಟಿಗ ನೋಡಿತು. ಉಸಿರು ಸಾಲದೆ ಆ ಪುಟ್ಟ ಬೆನ್ನು ನಡುಗುತ್ತಿತ್ತು. ಮರಕುಟಿಗ ಕೊಕ್ಕು ಎತ್ತಿ ಹಿಡಿದು ಕಾಯಿತು. ಬೆನ್ನು ಮೆಲ್ಲಗೆ ಉಬ್ಬಿ ತುಂಬಿದ ಕ್ಷಣಕ್ಕೆ ಸರಿಯಾಗಿ ಒಂದು ಏಟು ಹಾಕಿತು. ಹಾಡು ಎದ್ದು ಬಂತು. ಆಮೇಲೆ ಕಪ್ಪೆ ಉಸಿರೆಳೆದಾಗಲೆಲ್ಲ ಕೊಕ್ಕು ಕಾಯುತ್ತಿತ್ತು. ಆಮೆಗಳು ಸಿಳ್ಳೆ ಮರೆತು, ಚಿಪ್ಪು ಹೊತ್ತುಕೊಂಡೇ ಕುಣಿದವು. ಮಂಜು, ತಾವರೆ, ಕೆರೆ ಎಲ್ಲವೂ ಒಂದೇ ಉಸಿರಿನಲ್ಲಿ ತೂಗಿದವು.

ಕೊಕ್ಕರೆ ಹಾರಿಬಂದಿತು. "ಭಲೇ! ನಾಳೆಯಿಂದ ನೀನು ಮುಂದೆ ಕೂರಪ್ಪ, ಎಲ್ಲರೂ ನಿನ್ನನ್ನು ನೋಡಲಿ. ಕಪ್ಪೆ ಹಿಂದಿರಲಿ."

"ನಿಮ್ಮ ಮುಂದಿನ ಜಾಗ ನೀವೇ ಇಟ್ಟುಕೊಳ್ಳಿ," ಎಂದು ಸಿಡುಕಿತು ಮರಕುಟಿಗ. "ಅಲ್ಲಿ ಕೂತರೆ ಅವಳ ಬೆನ್ನು ಕಾಣುವುದಿಲ್ಲ."