ಬಿಳಿಕೂದಲ ಜೂನಿಯರ್

ಗಂಡ ತೀರಿಕೊಂಡ ಮೇಲೆ, ನರ್ಸ್ ಕೆಲಸದಿಂದಲೂ ನಿವೃತ್ತರಾಗಿ, ಪುಟ್ಟತಾಯಮ್ಮ ಕಾನೂನು ಓದಿ ವಕೀಲರಾದರು. ತಿಪಟೂರಿನಲ್ಲಿ ಅವರನ್ನು ಜೂನಿಯರ್ ಆಗಿ ಸೇರಿಸಿಕೊಂಡವರು ಗಿರಿಧರ ಎಂಬ ವಕೀಲರೊಬ್ಬರೇ. ಅವರಿಗಿನ್ನೂ ಮೂವತ್ತೈದು.

ತೊಂದರೆ ಒಂದೇ. ಆಫೀಸಿಗೆ ಬಂದ ಕಕ್ಷಿದಾರರೆಲ್ಲ ಪುಟ್ಟತಾಯಮ್ಮನ ಬಿಳಿಕೂದಲು ನೋಡಿ ಅವರಿಗೇ ಕೈಮುಗಿದು, ಗಿರಿಧರರಿಗೆ "ಒಂಚೂರು ನೀರು ಕೊಡಪ್ಪ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಗಿರಿಧರ ಸಿಡುಕಿದರು. "ನಾಳೆ ಕೂದಲಿಗೆ ಬಣ್ಣ ಹಚ್ಕೊಂಡು ಬನ್ನಿ. ಇಲ್ಲದಿದ್ರೆ ಬೇರೆ ಆಫೀಸು ನೋಡ್ಕೊಳ್ಳಿ."

ಬೇರೆ ಆಫೀಸು ಎಲ್ಲಿತ್ತು? "ಆಗಲಿ ಸರ್" ಎಂದರು ಪುಟ್ಟತಾಯಮ್ಮ. ಅಷ್ಟರಲ್ಲಿ ಜಮೀನಿನ ತಕರಾರು ಹೊತ್ತು ಬಂದ ರುದ್ರೇಗೌಡರು ನೇರವಾಗಿ ಅವರ ಮುಂದೆಯೇ ಕೈಮುಗಿದು ನಿಂತರು. ಗಿರಿಧರರ ಮುಖ ಕೆಂಪಾಯಿತು.

"ನನಗಲ್ಲ ಗೌಡ್ರೇ, ಸಾಹೇಬರಿಗೆ ಮುಗೀರಿ. ನಾನು ಅವರ ಹತ್ರ ಕೆಲಸ ಕಲೀತಿರೋಳು."

ಗೌಡರು ಆ ಬಿಳಿಕೂದಲನ್ನೊಮ್ಮೆ, ಗಿರಿಧರರನ್ನೊಮ್ಮೆ ನೋಡಿದರು. "ಈ ವಯಸ್ಸಲ್ಲೂ ನೀವು ಅವರ ಹತ್ರ ಕಲೀಬೇಕಾ ತಾಯಿ?"

"ಅವರಿಗೆ ಗೊತ್ತಿರೋದರಲ್ಲಿ ಇನ್ನೂ ಅರ್ಧವೂ ಕಲಿತಿಲ್ಲ ಗೌಡ್ರೇ."

ಗೌಡರು ಹಿಂದಕ್ಕೆ ಹೋಗಿ, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಬಂದು, ಗಿರಿಧರರಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು.

ಆ ಸಂಜೆ ಬಣ್ಣದ ಮಾತೇ ಬರಲಿಲ್ಲ. ಗಿರಿಧರ ಗೆಳೆಯರೊಬ್ಬರಿಗೆ ಫೋನ್ ಮಾಡುತ್ತಿದ್ದರು: "ಆಫೀಸಿಗೆ ಇನ್ನೊಬ್ಬರು ಜೂನಿಯರ್ ಬೇಕಿತ್ತು ಕಣೋ. ಎಪ್ಪತ್ತು ದಾಟಿದ್ರೆ ಒಳ್ಳೇದು."