ಕಡತದ ಮಡು

ಕೂಡಲಹಾಳದಿಂದ ಕೃಷ್ಣೆಯ ದಂಡೆ ಹಿಡಿದು ಪಡುವಲಕ್ಕೆ ಅರ್ಧ ಹರದಾರಿ ನಡೆದರೆ, ಹೊಳೆ ಒಂದು ಕರಿಬಂಡೆಗೆ ಬಡಿದು ಎಡಕ್ಕೆ ಹೊರಳುವ ಜಾಗ ಸಿಗುತ್ತದೆ. ಹೊರಳುವಲ್ಲಿ ನೀರು ಆಳವಾಗಿ ನಿಂತಿದೆ. ಬೇಸಿಗೆಯಲ್ಲಿ ಉಳಿದ ಕಡೆ ಹೊಳೆ ಮೊಣಕಾಲಿಗೆ ಇಳಿದರೂ ಇಲ್ಲಿ ತಳ ಕಂಡವರಿಲ್ಲ. ಇದಕ್ಕೆ ಕಡತದ ಮಡು ಎಂದು ಹೆಸರು. ಸರಕಾರದ ನಕಾಶೆಯಲ್ಲಿ ಈ ಹೆಸರನ್ನು ಹುಡುಕಬೇಡಿ, ಅಲ್ಲಿ ಬರಿಯ ನೀಲಿ ಗೆರೆಯೊಂದು ಬಾಗಿದೆ ಅಷ್ಟೆ. ಸ್ವಲ್ಪ ಮೇಲ್ಗಡೆ ಸೇತುವೆಯಾದಂದಿನಿಂದ ಇಲ್ಲಿ ಹರಿಗೋಲಿನ ಓಡಾಟ ನಿಂತಿದೆ. ದಂಡೆಯ ದಿಬ್ಬದ ಮೇಲೆ ಇಪ್ಪತ್ತು ಮನೆಗಳ ಒಂದು ಓಣಿ ಉಂಟು. ಆ ಮನೆಗಳವರನ್ನು ಸುತ್ತಲಿನವರು ‘ನೀಲವ್ವನವರು’ ಎಂದು ಕರೆಯುತ್ತಾರೆ.

ನಾನು ಈ ಊರ ಶಾಲೆಯಲ್ಲಿ ಮೂವತ್ತೊಂದು ವರ್ಷ ಕಲಿಸಿದವನು, ಊರ ಇತಿಹಾಸದ ಪುಸ್ತಕ ಬರೆದವನು. ತಮ್ಮ ವಂಶದ ಮೂಲ ಹುಡುಕಿಕೊಂಡು ಬರುವವರನ್ನು ಊರವರು ನನ್ನ ಮನೆಗೆ ಕಳಿಸುತ್ತಾರೆ. ಮೊದಲು ನಿಮ್ಮ ಮನೆಯ ಹಿರಿಯ ಹೆಂಗಸನ್ನು ಕೇಳಿ ಬನ್ನಿ ಎಂದು ಹೇಳುತ್ತೇನೆ. ಗಂಡಸರು ಹೊಲದ ಗಡಿ ನೆನಪಿಟ್ಟಿರುತ್ತಾರೆ. ಯಾರು ಯಾರಿಗೆ ಏನಾಗಬೇಕು ಎಂಬುದು ಹೆಂಗಸರಿಗೇ ಗೊತ್ತು. ಆಮೇಲೆ ಹನುಮಪ್ಪನ ಗುಡಿಯ ಹಿಂದಿನ ಶಾಸನ ತೋರಿಸುತ್ತೇನೆ, ಕೆರೆ ಏರಿಯ ವೀರಗಲ್ಲು ತೋರಿಸುತ್ತೇನೆ. ಶಾಲೆಯ ದಾಖಲಾತಿ ಪುಸ್ತಕ, ತಾಲೂಕು ಕಚೇರಿಯ ಹಳೆಯ ಹೊಲದ ಕಾಗದ, ಮಠದಲ್ಲಿ ದೀಕ್ಷೆ ಪಡೆದವರ ಪಟ್ಟಿ, ಮದುವೆಯಲ್ಲಿ ಅರಿಷಿಣ ಹಚ್ಚುವಾಗ ಹಾಡುವ ಹಿರಿಯರ ಹೆಸರು, ಎಲ್ಲವನ್ನೂ ಕೂಡಿಸಿದರೆ ಏಳು ತಲೆಮಾರು ಸಿಗುತ್ತದೆ, ಎಂಟನೆಯದು ಸಿಕ್ಕರೆ ಅದೃಷ್ಟ. ಹೊಳೆಯ ಬಲದಂಡೆಯ ಇಪ್ಪತ್ತೆರಡು ಹಳ್ಳಿಗಳಲ್ಲೂ ಇದೇ ಕತೆ. ಪಕ್ಕದ ಸೀಮೆಯವರಿಗೆ ಹದಿನೆಂಟು ತಲೆಮಾರು ಗೊತ್ತು. ನಮಗೇಕೆ ಇಲ್ಲ ಎಂದು ಬಂದವರು ಕೇಳುತ್ತಾರೆ. ಅವರನ್ನು ಮಡುವಿಗೆ ಕರೆದುಕೊಂಡು ಹೋಗಿ, ಅಂಬಿಗರ ದ್ಯಾಮವ್ವ ತನ್ನ ತೊಂಬತ್ತನೆಯ ವಯಸ್ಸಿನಲ್ಲಿ ನನಗೆ ಹೇಳಿದ್ದನ್ನು ಹೇಳುತ್ತೇನೆ.

ಹಿಂದೆ ಒಮ್ಮೆ, ಕೋಟೆಗಳಿಗೆ ಇನ್ನೂ ಕಾವಲಿದ್ದ ಕಾಲದಲ್ಲಿ, ಈ ಇಪ್ಪತ್ತೆರಡು ಹಳ್ಳಿಗಳ ವಂಶಾವಳಿಯೆಲ್ಲ ಹೆಳವರ ಬಾಳಪ್ಪನ ಕೈಯಲ್ಲಿತ್ತಂತೆ. ಹೆಳವರೆಂದರೆ ಮನೆತನಗಳ ಹೆಸರು ಹೇಳುವುದನ್ನೇ ಕುಲದ ಕಾಯಕ ಮಾಡಿಕೊಂಡವರು. ಎತ್ತಿನ ಮೇಲೆ ಕುಳಿತು ಮೂರು ವರ್ಷಕ್ಕೊಮ್ಮೆ ಊರಿಗೆ ಬರುತ್ತಾರೆ. ಬೆಳಗಿನ ಹೊತ್ತು ಮನೆಯ ಮುಂದೆ ನಿಂತು ಆ ಮನೆಯ ಮೂಲಪುರುಷನಿಂದ ತೊಟ್ಟಿಲ ಕೂಸಿನವರೆಗೆ ಹೆಸರು ಕೂಗುತ್ತಾರೆ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು ಕಾಳು ಬಟ್ಟೆ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ಬಾಳಪ್ಪ ಬರೆಯುತ್ತಿದ್ದದ್ದು ಕಡತದಲ್ಲಿ. ಅರಿವೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿದರೆ ಕಡತ. ಅದರ ಮೇಲೆ ಬಳಪದಿಂದ ಬರೆಯಬೇಕು. ಅವನ ಅಜ್ಜನ ಅಜ್ಜ ಬರೆದದ್ದೂ ಅದರಲ್ಲಿತ್ತು. ಆ ಬರಹ ಹೆಳವರ ಮನೆಯೊಳಗಿನದು, ಹೊರಗಿನವರಿಗೆ ಓದಲು ಬಾರದು. ಬಾಳಪ್ಪನ ಒಂದು ಕಾಲು ಹುಟ್ಟಿನಿಂದ ಸೊರಗಿತ್ತು, ಮಕ್ಕಳಿರಲಿಲ್ಲ. ಆದರೂ ಯಾವ ಊರಲ್ಲಿ ಕಾಲಿಟ್ಟರೂ ಗೌಡನೇ ಎದ್ದು ನಿಲ್ಲುತ್ತಿದ್ದ. ಹೊಲದ ವ್ಯಾಜ್ಯವಿರಲಿ, ಹೆಣ್ಣು ಕೊಡುವ ತರುವ ಮಾತಿರಲಿ, ಕಡತದಲ್ಲಿ ಬಂದದ್ದನ್ನು ಯಾರೂ ತೆಗೆದುಹಾಕುತ್ತಿರಲಿಲ್ಲ ಎನ್ನುತ್ತಾರೆ.

ಕೂಡಲಹಾಳದ ಮೇಗೇರಿ ಮನೆತನದಲ್ಲಿ ಇಬ್ಬರು ಅಣ್ಣತಮ್ಮಂದಿರು. ಹಿರಿಯ ಸಿದ್ರಾಯ ಊರಲ್ಲಿ ಒಕ್ಕಲುತನ ಮಾಡಿಕೊಂಡಿದ್ದ. ಕಿರಿಯ ಈರಬಸಪ್ಪ ಹೊಳೆಯಾಚೆಯ ಕೋಟೆಗೆ ಕಾವಲಿಗೆ ಹೋಗಿ, ಅಲ್ಲಿಯೇ ಹತ್ತಿರದ ಸೊಲಗಿ ಎಂಬ ಊರಿನ ನೀಲವ್ವನನ್ನು ಲಗ್ನವಾದ. ಹೊಳೆ ತುಂಬಿದ್ದರಿಂದ ಅಣ್ಣ ಲಗ್ನಕ್ಕೆ ಬಂದಿರಲಿಲ್ಲ. ವರ್ಷದೊಳಗೆ ಕೋಟೆಯಲ್ಲಿ ಜ್ವರ ಬಿದ್ದು ಈರಬಸಪ್ಪ ತೀರಿಕೊಂಡ. ನೀಲವ್ವ ಆಗ ತುಂಬಿದ ಬಸುರಿ. ತವರಿನಲ್ಲಿ ಗಂಡುಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕಿ ಗಂಡನ ತಂದೆಯ ಹೆಸರನ್ನೇ, ಕಲ್ಲಪ್ಪ ಎಂದು ಇಟ್ಟರು. ಆ ದಿನ ಬಾಳಪ್ಪ ನೆಂಟರ ಊರಿಗೆ ಹೋಗುವವನು ದಾರಿಯಲ್ಲಿ ಸೊಲಗಿಯಲ್ಲಿ ಇಳಿದಿದ್ದ. ಮೇಗೇರಿಯವರ ಕೂಸೆಂದು ತಿಳಿದು, ಅಲ್ಲಿಯೇ ಕಡತ ಬಿಚ್ಚಿ ಈರಬಸಪ್ಪನ ಹೆಸರಿನ ಕೆಳಗೆ ಕಲ್ಲಪ್ಪನನ್ನು ಬರೆದ.

ಕೂಸಿಗೆ ಆರು ತಿಂಗಳು ತುಂಬಿದಾಗ ನೀಲವ್ವ ಗಂಡನ ಮನೆಗೆ ಬರುತ್ತೇನೆಂದು ಹೇಳಿಕಳಿಸಿದಳು. ತವರಿನಲ್ಲಿ ತಂದೆ ತಾಯಿ ಇರಲಿಲ್ಲ, ಅಣ್ಣನ ಹೆಂಡತಿಗೆ ಇವಳು ಭಾರವಾಗಿದ್ದಳು. ಸಿದ್ರಾಯನಿಂದ ಬಂದ ಉತ್ತರ ಒಂದೇ ಮಾತಿನದು: ನಮ್ಮ ತಮ್ಮನಿಗೆ ಲಗ್ನವೇ ಆಗಿಲ್ಲ. ಮನೆ, ಹೊಲ ಇಬ್ಭಾಗವಾಗುವುದನ್ನು ಅವನು ಬೇಡವೆಂದುಕೊಂಡನೋ, ನಿಜವಾಗಿಯೂ ನಂಬಲಿಲ್ಲವೋ, ಇಂದಿಗೆ ಹೇಳುವುದು ಕಷ್ಟ. ನೀಲವ್ವ ಬಾಳಪ್ಪನನ್ನು ಹುಡುಕಿಸಿದಳು. ಶ್ರಾವಣದ ಎರಡನೆಯ ಸೋಮವಾರ ಊರ ದೈವ, ಎಂದರೆ ನ್ಯಾಯ ತೀರಿಸುವ ಹಿರಿಯರ ಸಭೆ, ಕೂಡುವುದೆಂದು ಗೊತ್ತಾಯಿತು. ‘ನಾನ ಬರ್ತೀನವಾ. ಕಡತ ಬಿಚ್ಚಿ ಓದಿದ ಮ್ಯಾಲ ಯಾರೂ ತುಟಿ ಎರಡು ಮಾಡೂದಿಲ್ಲ’ ಎಂದು ಬಾಳಪ್ಪ ಅವಳಿಗೆ ಧೈರ್ಯ ಹೇಳಿದ.

ಭಾನುವಾರ ಮಧ್ಯಾಹ್ನ ಹೊಳೆ ಎರಡೂ ದಂಡೆ ಮುಟ್ಟಿ ಹರಿಯುತ್ತಿತ್ತು. ಅಂಬಿಗರ ಹುಲಿಗೆಪ್ಪ ಹುಟ್ಟು ಹಾಕಲು ಮೊದಲು ಒಪ್ಪಲಿಲ್ಲ. ನಾಳೆ ದೈವ ಕೂಡುತ್ತದೆ, ತಪ್ಪಿದರೆ ಮತ್ತೆ ಕೂಡುವುದು ದೀಪಾವಳಿಗೆ ಎಂದು ನೀಲವ್ವ ಕೈಮುಗಿದ ಮೇಲೆ ಹರಿಗೋಲು ಇಳಿಸಿದ. ಎತ್ತನ್ನು ಆಚೆ ದಂಡೆಯಲ್ಲಿ ಕಟ್ಟಿ, ಕಡತಗಳ ಮರದ ಪೆಟ್ಟಿಗೆಯನ್ನು ನಡುವೆ ಇಟ್ಟುಕೊಂಡು, ಬಾಳಪ್ಪ ಒಂದು ಮಗ್ಗುಲು, ಕೂಸನ್ನು ಎದೆಗೆ ಕಟ್ಟಿಕೊಂಡ ನೀಲವ್ವ ಇನ್ನೊಂದು ಮಗ್ಗುಲು ಕುಳಿತರು. ಕರಿಬಂಡೆ ಕಾಣುವಷ್ಟು ದೂರ ಬಂದಾಗ ತೇಲಿಬಂದ ಜಾಲಿಯ ಬೊಡ್ಡೆಯೊಂದು ಹರಿಗೋಲಿಗೆ ಬಡಿದು ತೊಗಲು ಹರಿಯಿತು. ನೀರು ಒಳಗೆ ಬರತೊಡಗಿತು. ಹುಲಿಗೆಪ್ಪ ತಲೆಯ ರುಮಾಲು ಬಿಚ್ಚಿ ತೂತಿಗೆ ತುರುಕಿದ, ನಿಲ್ಲಲಿಲ್ಲ.

‘ಅಜ್ಜಾ, ಭಾರ ಇಳಸಬೇಕ್ರಿ. ಇಲ್ಲಂದ್ರ ದಂಡೀತನಕ ಹೋಗೂದಿಲ್ಲ’ ಎಂದ.

‘ನಾನ ಇಳೀತೀನಿ’ ಎಂದು ಬಾಳಪ್ಪ ಎದ್ದ. ಹುಲಿಗೆಪ್ಪ ಅವನ ಭುಜ ಹಿಡಿದು ಕೂರಿಸಿದ.

‘ನೀವು ಇಳದ್ರ ಅದನ್ನ ಓದಾವ್ರು ಯಾರ್ರಿ?’

ಬಾಳಪ್ಪ ಪೆಟ್ಟಿಗೆಯ ಮೇಲೆ ಕೈಯಿಟ್ಟ. ಅಷ್ಟರಲ್ಲಿ ನೀಲವ್ವ ಅದನ್ನು ಎರಡೂ ಕೈಯಿಂದ ತಬ್ಬಿದ್ದಳು. ‘ಬ್ಯಾಡ ಅಜ್ಜಾ, ನನ್ನ ಮಗನ ಹೆಸರು ಇದರಾಗ ಐತಿ’ ಎಂದಳು. ನೀರು ಅವಳ ಸೊಂಟದವರೆಗೆ ಬಂದಿತ್ತು, ಕೂಸಿನ ಕಾಲು ನೆನೆದು ಅದು ಅಳತೊಡಗಿತ್ತು. ಬಾಳಪ್ಪ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ‘ಕೂಸು ಉಳೀಲಿ ತಾಯಿ, ಹೆಸರು ನಾನು ಬಾಯಿಲೆ ಹೇಳ್ತೀನಿ. ಬಿಡು’ ಎಂದ. ಪೆಟ್ಟಿಗೆಯನ್ನು ತಾನೇ ಎತ್ತಿ ಹೊಳೆಗೆ ಬಿಟ್ಟ. ಅದು ಎರಡು ಸಲ ತಿರುಗಿ, ಬಂಡೆಯ ಬುಡದ ಸುಳಿಯಲ್ಲಿ ಒಳಗೆ ಹೋಯಿತು. ಹರಿಗೋಲು ಹೇಗೋ ದಂಡೆ ಸೇರಿತು.

ಮರುದಿನ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ದೈವ ಕೂಡಿತು. ಆಗಿನ ಗೌಡ ಗುರುಪಾದಗೌಡ ಕೆಟ್ಟವನಲ್ಲ, ನಿಧಾನಸ್ಥ. ನಡೆದದ್ದನ್ನೆಲ್ಲ ಕೇಳಿ, ‘ಬಾಳಪ್ಪಾ, ಕಡತ ಇಲ್ಲದಿದ್ರೂ ನಿನ್ನ ಬಾಯಿ ಐತಿ. ಮೇಗೇರಿ ಮನಿ ಮೂಲದಿಂದ ಹೇಳು. ಮಂದಿ ಕೇಳಲಿ’ ಎಂದ. ಬಾಳಪ್ಪ ಎದ್ದು ನಿಂತು ಎಂದಿನ ರಾಗದಲ್ಲಿ ಆರಂಭಿಸಿದ. ಒಂದು, ಎರಡು, ಮೂರು, ಹೆಸರುಗಳು ಬಂದವು. ನಾಲ್ಕನೆಯವನನ್ನು ದೊಡ್ಡಮಲ್ಲ ಎಂದ. ಸಿದ್ರಾಯನ ಪಕ್ಕದಲ್ಲಿ ಕುಳಿತಿದ್ದ ಅವನ ಮುದಿ ಸೋದರತ್ತೆ ತಲೆಯೆತ್ತಿ, ‘ದೊಡ್ಡಮಲ್ಲ ಅಲ್ಲೊ, ಚಿಕ್ಕಮಲ್ಲ. ದೊಡ್ಡಮಲ್ಲ ಅವನ ಅಣ್ಣ, ಮಕ್ಕಳಿಲ್ಲದ ಹ್ವಾದ’ ಎಂದಳು. ಅವಳಲ್ಲಿ ಹಗೆಯಿರಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದ್ದಳು. ಬಾಳಪ್ಪ ನಿಂತ. ಕಣ್ಣು ಮುಚ್ಚಿದ. ಮಡಿಕೆ ಬಿಚ್ಚುತ್ತ ಹೇಳಿ ರೂಢಿಯಾದ ಕೈ ಬರಿಗಾಳಿಯಲ್ಲಿ ಆಡಿತು. ‘ಹೌದು, ಚಿಕ್ಕಮಲ್ಲ’ ಎಂದ. ಆಮೇಲೆ ಉಳಿದವರನ್ನೆಲ್ಲ ಸರಿಯಾಗಿಯೇ ಹೇಳಿ, ಈರಬಸಪ್ಪನ ಮಗ ಕಲ್ಲಪ್ಪ ಎಂದು ಮುಗಿಸಿದ.

ಸಿದ್ರಾಯ ನೆಲ ನೋಡುತ್ತ, ‘ಒಂದು ಹೆಸರು ತಪ್ಪಿದವ್ರು ಇನ್ನೊಂದು ತಪ್ಪಿರಬಹುದು’ ಎಂದ.

‘ಕೂಸಿನ ಮಾರಿ ನೋಡಿ ಹೇಳು, ಸಿದ್ರಾಯಾ’ ಎಂದ ಬಾಳಪ್ಪ. ನೀಲವ್ವ ಕೂಸನ್ನು ಮುಂದೆ ಹಿಡಿದಳು. ಅವನು ತಲೆಯೆತ್ತಲಿಲ್ಲ.

ಸೊಲಗಿಯಿಂದ ಲಗ್ನ ಕಂಡವರನ್ನು ಕರೆಸೋಣವೆಂದರೆ ಹೊಳೆ ದಾಟುವಂತಿರಲಿಲ್ಲ. ದಾಟಿದರೂ ಅವರು ಹೆಣ್ಣಿನ ಕಡೆಯವರು, ಅವರ ಸಾಕ್ಷಿಯನ್ನು ಆ ಕಾಲದಲ್ಲಿ ಹಿಡಿಯುತ್ತಿರಲಿಲ್ಲ. ಕೊನೆಗೆ ಗೌಡ, ‘ತಂಗೀ, ನನ್ನ ಮನಸ್ಸು ನಿನ್ನ ಕಡೆ ಐತಿ. ಆದ್ರ ನನ್ನ ಮನಸ್ಸಿನ ಮ್ಯಾಲ ಮಂದಿ ಮನಿ ಕೊಡಾಕ ನನಗ ಬರೂದಿಲ್ಲ’ ಎಂದ. ದೈವ ಎದ್ದಿತು. ನೀಲವ್ವ ಅಳಲಿಲ್ಲವಂತೆ. ಕೂಸಿಗೆ ಹಸಿವಾಗಿತ್ತು, ಗುಡಿಯ ಹಿಂದೆ ಹೋಗಿ ಗೋಡೆಗೆ ಮುಖ ಮಾಡಿ ಕುಳಿತು ಹಾಲು ಕುಡಿಸಿದಳು.

ಹೊಳೆ ಇಳಿದ ಮೇಲೆ, ಹನ್ನೆರಡನೆಯ ದಿನ, ಹುಲಿಗೆಪ್ಪ ಮಡುವಿನಲ್ಲಿ ಮುಳುಗಿ, ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡಿದ್ದ ಪೆಟ್ಟಿಗೆಗೆ ಹಗ್ಗ ಕಟ್ಟಿ ಮೇಲಕ್ಕೆ ತಂದ. ಇಪ್ಪತ್ತೆರಡು ಹಳ್ಳಿಯವರೂ ದಂಡೆಯಲ್ಲಿ ನೆರೆದಿದ್ದರು. ಬಾಳಪ್ಪ ಬಂಡೆಯ ಮೇಲೆ ಕುಳಿತು ಕಡತಗಳನ್ನು ಒಂದೊಂದಾಗಿ ಬಿಚ್ಚಿ ಹರವಿದ. ಅಂಟು ಕರಗಿ, ಮಸಿ ಕದಡಿ, ಬಳಪದ ಬರಹವೆಲ್ಲ ತೊಳೆದುಹೋಗಿತ್ತು. ಒದ್ದೆ ಅರಿವೆಯಲ್ಲಿ ಒಂದಕ್ಷರವೂ ಇರಲಿಲ್ಲ. ಕೊನೆಯ ಮಡಿಕೆಯವರೆಗೂ ಅವನು ಬಿಚ್ಚಿದ. ಯಾರೂ ಅವನನ್ನು ತಡೆಯಲಿಲ್ಲ.

ಜನ ಅವನನ್ನು ಬಿಡಲಿಲ್ಲ. ನೆನಪಿದ್ದಷ್ಟನ್ನಾದರೂ ಹೇಳು, ನಾವು ಬರೆಸಿಕೊಳ್ಳುತ್ತೇವೆ ಎಂದು ದಿನವೂ ಬಂದರು. ಬಾಳಪ್ಪ ಆ ಬಂಡೆಯ ಮೇಲೆಯೇ ಕುಳಿತು ಹೇಳುತ್ತಿದ್ದ. ಆದರೆ ಚಿಕ್ಕಮಲ್ಲನ ಹೆಸರು ತಪ್ಪಿದಂದಿನಿಂದ ಅವನಿಗೆ ತನ್ನ ಮೇಲೆಯೇ ನಂಬಿಕೆ ಹೋಗಿತ್ತು. ತಿಪ್ಪಣ್ಣನೋ ತಿಮ್ಮಣ್ಣನೋ ಎಂಬಲ್ಲಿ ನಿಲ್ಲುತ್ತಿದ್ದ. ಏನಾದರೂ ಒಂದು ಹೇಳು ಎಂದರೆ, ‘ಇಲ್ಲದವನ್ನ ನಿಮ್ಮ ಹಿರ್ಯಾ ಅಂತ ಹ್ಯಾಂಗ ಕೊಡ್ಲೊ’ ಎನ್ನುತ್ತಿದ್ದ. ಖಚಿತವಿದ್ದ ಒಂದೆರಡು ತಲೆಮಾರು ಮಾತ್ರ ಕೊಟ್ಟ. ಅದಕ್ಕೂ ಹಿಂದಿನವರು ಅವನ ಗಂಟಲಲ್ಲಿದ್ದರೋ ಏನೋ, ಹೊರಗೆ ಬರಲಿಲ್ಲ. ನೀಲವ್ವ ತವರಿಗೆ ಹೋಗಲಿಲ್ಲ. ಹುಲಿಗೆಪ್ಪ ದಿಬ್ಬದ ಮೇಲೆ ಕಟ್ಟಿಕೊಟ್ಟ ಗುಡಿಸಲಲ್ಲಿದ್ದು, ಕೂಸನ್ನೂ ಬಾಳಪ್ಪನನ್ನೂ ನೋಡಿಕೊಂಡಳು. ಎರಡನೆಯ ಬೇಸಿಗೆಯಲ್ಲಿ ಬಾಳಪ್ಪ ತೀರಿಕೊಂಡ. ತೀರುವ ಮುಂಚೆ ಅವಳ ಕೈ ಹಿಡಿದು, ‘ನಾ ಬಿಡು ಅಂದೆ, ನೀ ಬಿಟ್ಟಿ’ ಎಂದನಂತೆ. ಅವಳು, ‘ಮಗ ಅದಾನಲ್ಲ ಅಜ್ಜಾ’ ಎಂದಳಂತೆ.

ಬಹಳ ವರ್ಷಗಳ ಮೇಲೆ ಮುಪ್ಪಾದ ಸಿದ್ರಾಯ ಒಂದು ಮಧ್ಯಾಹ್ನ ಬಂಡೆಯ ಹತ್ತಿರ ಬಂದು ಕುಳಿತಿದ್ದನೆಂದು ದ್ಯಾಮವ್ವ ಹೇಳುತ್ತಿದ್ದಳು. ನೀಲವ್ವ ಚೊಂಬಿನಲ್ಲಿ ನೀರು ಕೊಟ್ಟಳು. ಕುಡಿದ. ಏನೋ ಹೇಳಲು ಬಂದವನಂತೆ ಹೊತ್ತು ಇಳಿಯುವವರೆಗೆ ಕುಳಿತು, ಹೇಳದೆ ಎದ್ದು ಹೋದ. ಹಾಗೇನೂ ಆಗಲಿಲ್ಲ, ಅದು ಅಂಬಿಗರು ಸೇರಿಸಿದ್ದು ಎನ್ನುವವರೂ ಇದ್ದಾರೆ.

ಇಂದಿಗೂ ಬೇರೆ ಸೀಮೆಯ ಹೆಳವರು ಈ ದಾರಿಯಲ್ಲಿ ಬಂದರೆ ಮಡುವಿನ ಹತ್ತಿರ ಎತ್ತಿನಿಂದ ಇಳಿದು ಕೆರ ಕೈಯಲ್ಲಿ ಹಿಡಿದು ನಡೆಯುತ್ತಾರೆ. ದಿಬ್ಬದ ಓಣಿಯಲ್ಲಿ ಅವರು ಕೂಗುವ ವಂಶಾವಳಿ ‘ನೀಲವ್ವನ ಮಗ ಕಲ್ಲಪ್ಪ’ ಎಂದೇ ಆರಂಭವಾಗುತ್ತದೆ, ಅದರ ಹಿಂದೆ ಗಂಡಸಿನ ಹೆಸರಿಲ್ಲ. ಹೋದ ಮಾಘದಲ್ಲಿ ಆ ಓಣಿಯ ಮೂಲದವರು, ಸೊಲ್ಲಾಪುರದಲ್ಲಿ ನರ್ಸ್ ಆಗಿರುವ ಶಕುಂತಲಾ ಎಂಬವರು, ತಮ್ಮ ಮನೆತನದ ವೃಕ್ಷವನ್ನು ದೊಡ್ಡ ಹಾಳೆಯಲ್ಲಿ ಬರೆದುಕೊಂಡು ಬಂದಿದ್ದರು. ಎಲ್ಲಕ್ಕೂ ಮೇಲೆ ನೀಲವ್ವ, ಅವಳ ಪಕ್ಕದಲ್ಲಿ ಒಂದು ಖಾಲಿ ಚೌಕ. ಮಡುವಿನ ದಿಬ್ಬದಲ್ಲಿ ನಿಂತು ಕತೆಯನ್ನು ಪೂರ್ತಿ ಕೇಳಿದ ಮೇಲೆ ಪೆನ್ನು ನನ್ನ ಕಡೆ ಚಾಚಿ, ‘ನೀವೇ ಬರೀರಿ ಸರ್, ಈರಬಸಪ್ಪ ಅಂತ. ಊರ ಇತಿಹಾಸ ಬರದಾವ್ರು ನೀವು, ನೀವು ಬರದ್ರ ಆಗ್ತದ’ ಎಂದರು. ನಾನು ಪೆನ್ನು ತೆಗೆದುಕೊಂಡೆ. ಶಾಸನದಲ್ಲಿಲ್ಲ, ಕಾಗದದಲ್ಲಿಲ್ಲ, ದ್ಯಾಮವ್ವ ಹೇಳಿದ್ದು ಬಿಟ್ಟರೆ ನನ್ನಲ್ಲಿ ಏನಿದೆ? ‘ನನಗೆ ಹೌದೆನಿಸುತ್ತದೆ ತಾಯಿ, ಆದರೆ ಆಧಾರವಿಲ್ಲ’ ಎಂದು ಪೆನ್ನು ಹಿಂದಕ್ಕೆ ಕೊಟ್ಟೆ. ಅವರು ಹಾಳೆಯನ್ನು ಮಡಿಚಿ ಬ್ಯಾಗಿನಲ್ಲಿಟ್ಟುಕೊಂಡು ಬಂಡೆಯ ತುದಿಗೆ ಹೋಗಿ ಸ್ವಲ್ಪ ಹೊತ್ತು ನೀರು ನೋಡುತ್ತ ನಿಂತರು. ನಾನು ದಿಬ್ಬದ ಮೇಲೆ ಅವರಿಗಾಗಿ ಕಾಯುತ್ತ ನಿಂತಿದ್ದೆ.