ಹೊಳೆಗೆ ಅಗಲವಿಲ್ಲ

ಹೊಳೆಯ ದಂಡೆಯ ಒಂದು ಆಶ್ರಮದಲ್ಲಿ ಶಂಭು ಜೋಯಿಸರೆಂಬ ಗುರುಗಳು ಗಣಿತ ಹೇಳಿಕೊಡುತ್ತಿದ್ದರು. ಅವರ ಶಿಷ್ಯ ಮಾರ್ತಾಂಡನಿಗೆ ಬುದ್ಧಿಗಿಂತ ಉತ್ಸಾಹ ಒಂದು ಕೈ ಹೆಚ್ಚು.

ಹಿಂದಿನ ಮಳೆಗಾಲದಲ್ಲಿ ದೋಣಿ ಸೆಳವಿಗೆ ಸಿಕ್ಕಿ ಮಗುಚಿತ್ತು. ಜನ ಬದುಕಿ ಬಂದದ್ದೇ ಹೆಚ್ಚು. ಈ ಸಲ ದಡದಿಂದ ದಡಕ್ಕೆ ಹಗ್ಗ ಬಿಗಿದು, ಅದನ್ನು ಹಿಡಿದೇ ದೋಣಿ ದಾಟಿಸುವುದೆಂದು ಅಂಬಿಗ ದುರುಗಪ್ಪ ನಿಶ್ಚಯಿಸಿದ್ದ. ಹಗ್ಗ ಹೊಸೆಯಬೇಕಾದರೆ ಹೊಳೆಯ ಅಗಲ ಗೊತ್ತಾಗಬೇಕಲ್ಲ, ಗುರುಗಳ ಹತ್ತಿರ ಬಂದು ಕೇಳಿಕೊಂಡ. ಅವರು ಆ ಕೆಲಸವನ್ನು ಮಾರ್ತಾಂಡನಿಗೆ ಒಪ್ಪಿಸಿದರು.

ಉಪಾಯ ಸುಲಭದ್ದೇ. ಆಚೆ ದಡದ ಮತ್ತಿಮರಕ್ಕೆ ನೇರ ಎದುರಾಗಿ ನಿಂತರೆ, ದಡಕ್ಕೂ ಮರದತ್ತ ಹರಿಸಿದ ನೋಟಕ್ಕೂ ನಡುವೆ ತೊಂಬತ್ತು ಅಂಶದ ಕೋನ. ದಡದ ಗುಂಟ ನಡೆಯುತ್ತ ಹೋದಂತೆ ಆ ಕೋನ ಕಿರಿದಾಗುತ್ತದೆ. ಅದು ಅರ್ಧಕ್ಕೆ, ಅಂದರೆ ನಲವತ್ತೈದಕ್ಕೆ, ಇಳಿದಲ್ಲಿ ನಿಲ್ಲಬೇಕು. ಅಲ್ಲಿಯವರೆಗೆ ನಡೆದದ್ದು ಎಷ್ಟೋ, ಹೊಳೆಯ ಅಗಲ ಅಷ್ಟು.

ಕೋನ ಅಳೆಯಲೆಂದು ಗುರುಗಳು ಕೊಟ್ಟದ್ದು ಊಟದ ತಟ್ಟೆಯಷ್ಟಗಲದ, ಗೆರೆ ಕೊರೆದ ಒಂದು ಹಲಗೆ.

ಇಷ್ಟು ದೊಡ್ಡ ಹೊಳೆಗೆ ಇಷ್ಟು ಚಿಕ್ಕ ಹಲಗೆಯೇ ಎಂದು ಮಾರ್ತಾಂಡನಿಗೆ ನಾಚಿಕೆಯಾಯಿತು. ದಡದ ಮೇಲೆ ಜನ ಬೇರೆ ಸೇರಿದ್ದರು. ಅವನು ಕೊಟ್ಟಿಗೆಯ ಬಾಗಿಲನ್ನೇ ಕೊಯ್ದು, ಗುರುಗಳದ್ದರ ಎರಡರಷ್ಟು ದೊಡ್ಡ ಹಲಗೆ ಮಾಡಿ, ಅಂಥವೇ ಗೆರೆ ಕೊರೆದುಕೊಂಡ. ಬಾಗಿಲಿಲ್ಲದ ಕೊಟ್ಟಿಗೆಯಿಂದ ದನಗಳೂ ನೋಡಲು ಬಂದವು.

ಇನ್ನೇನು ಅಳೆಯಬೇಕು, ಅಷ್ಟರಲ್ಲಿ ಅವನಿಗೊಂದು ಸೂಕ್ಷ್ಮ ಹೊಳೆಯಿತು. ಹಲಗೆ ಎರಡರಷ್ಟು ದೊಡ್ಡದು ಅಂದಮೇಲೆ ಅದು ತೋರಿಸುವ ಕೋನವೂ ಎರಡರಷ್ಟು. ಗುರುಗಳ ನಲವತ್ತೈದು ಇದರಲ್ಲಿ ತೊಂಬತ್ತಾಗಬೇಕು.

ಮರದ ಎದುರು ನಿಂತು ಹಲಗೆ ಹಿಡಿದ. ಹೆಜ್ಜೆ ಎತ್ತುವ ಮೊದಲೇ ತೊಂಬತ್ತು ಬಂದಿತ್ತು.

ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ತೊಂಬತ್ತೇ. ಗಣಿತ ಸುಳ್ಳಾಡುವುದಿಲ್ಲವೆಂದು ಗುರುಗಳೇ ಹೇಳಿಕೊಟ್ಟಿದ್ದರು. ಎದೆ ಗಟ್ಟಿ ಮಾಡಿಕೊಂಡು ಅವರ ಮುಂದೆ ಹೋಗಿ ನಿಂತ.

"ಗುರುಗಳೇ, ಲೆಕ್ಕದ ಪ್ರಕಾರ ಹೊಳೆಗೆ ಅಗಲವೇ ಇಲ್ಲ."

ಹಾಗಾದರೆ ತಾನು ಇಷ್ಟು ಕಾಲ ದಾಟುತ್ತಿರುವುದು ಏನನ್ನು ಎಂದು ಅಲ್ಲೇ ಕಾಯುತ್ತಿದ್ದ ದುರುಗಪ್ಪ ಮೆಲ್ಲಗೆ ಕೇಳಿದ. ಗುರುಗಳು ಅವನಿಗೆ ಸುಮ್ಮನಿರಲು ಸನ್ನೆ ಮಾಡಿ, ಇಬ್ಬರನ್ನೂ ಕರೆದುಕೊಂಡು ದಡಕ್ಕೆ ಬಂದರು.

"ಒಳ್ಳೆಯದಾಯಿತು ಮಾರ್ತಾಂಡ. ಆ ಮತ್ತಿಮರದ ಒಂದು ಎಲೆ ಕಿತ್ತುಕೊಂಡು ಬಾ."

ಮಾರ್ತಾಂಡ ಲೆಕ್ಕವನ್ನು ನಂಬಿ ನೀರಿಗಿಳಿದ. ಮೊಣಕಾಲಿನವರೆಗೆ ನಂಬಿಕೆ ಉಳಿದಿತ್ತು. ಸೊಂಟದ ಹತ್ತಿರ ಅನುಮಾನ ಬಂತು. ಕುತ್ತಿಗೆಗೆ ನೀರು ಬಂದಾಗ ದುರುಗಪ್ಪ ಹೋಗಿ ಎಳೆದು ತಂದ.

ನೀರು ಸೋರುತ್ತ ನಿಂತ ಶಿಷ್ಯನಿಗೆ, ಮೊದಲು ತಮ್ಮ ಕಡೆ ಮುಖ ಮಾಡಿ, ಆಮೇಲೆ ಮರದ ಕಡೆ ತಿರುಗು ಎಂದರು ಗುರುಗಳು. ತಿರುಗಿದ. ಈಗ ಒಂದು ಉದ್ದನೆಯ ಬಿದಿರು ಹೆಗಲ ಮೇಲೆ ಇರಿಸಿ, ಅದನ್ನೇ ಇನ್ನೊಮ್ಮೆ ಮಾಡಿಸಿದರು. ಬಿದಿರಿನ ತುದಿ ಒಣಹಾಕಿದ್ದ ಗುರುಗಳ ಪಂಚೆಗಳನ್ನೆಲ್ಲ ಬಾಚಿಕೊಂಡು ಹೋಯಿತು.

"ಈ ಸಲ ನೀನು ಹೆಚ್ಚು ತಿರುಗಿದೆಯಾ?"

"ಇಲ್ಲ. ಅಷ್ಟೇ ತಿರುಗಿದೆ. ಆದರೆ ಬಿದಿರಿನ ತುದಿ ಬಹಳ ದೂರ ಹೋಯಿತು."

"ದೂರ ಹೋದದ್ದು ಬಿದಿರು. ಕೋನ ಅಂದರೆ ನೀನು ತಿರುಗಿದ್ದು."

ಮಾರ್ತಾಂಡ ಕೆಸರಿನಿಂದ ಪಂಚೆಗಳನ್ನು ಆರಿಸುತ್ತ ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಗುರುಗಳ ಹಲಗೆಯನ್ನೂ ತನ್ನದನ್ನೂ ಒಂದರ ಮೇಲೊಂದು ಇಟ್ಟು ನೋಡಿದ. ಎರಡರ ಗೆರೆಗಳೂ ಒಂದೇ ದಿಕ್ಕಿಗೆ ಹೊರಟಿದ್ದವು. ಮತ್ತೆ ಮರದ ಎದುರಿನಿಂದ ದಡದ ಗುಂಟ ನಡೆದ. ಬಟ್ಟೆ ಒಗೆಯುವ ಕಲ್ಲುಗಳನ್ನು ದಾಟಿ ಎಷ್ಟೋ ದೂರ ಹೋದಮೇಲೆ ನಲವತ್ತೈದು ಬಂತು.

ಆ ಅಳತೆಗೆ, ಗಂಟು ಹಾಕಲು ಬೇಕಾದಷ್ಟು ಸೇರಿಸಿ, ದುರುಗಪ್ಪ ಹಗ್ಗ ಹೊಸೆದ. ಅದು ಮತ್ತಿಮರವನ್ನು ಸರಿಯಾಗಿ ಮುಟ್ಟಿತು. ಮಳೆ ಹಿಡಿದು ಹೊಳೆ ಕೆಂಪಗೆ ಏರಿದಾಗಲೂ ಮುದುಕರು, ಮಕ್ಕಳು, ಆಡುಮರಿಗಳು ಹೆದರದೆ ದಾಟಿದರು.

ಅದನ್ನು ನೋಡಿ ಮಾರ್ತಾಂಡನಿಗೆ ಮತ್ತೆ ಉತ್ಸಾಹ ಬಂತು.

"ಗುರುಗಳೇ, ತಿರುಗುತ್ತ ಹೋದಂತೆ ಕೋನ ಬೆಳೆಯುತ್ತದೆ. ತಿರುಗುತ್ತಲೇ ಹೋದರೆ?"

"ತಿರುಗಿ ನೋಡು."

ಮಾರ್ತಾಂಡ ನಿಂತಲ್ಲೇ ಒಂದು ಪೂರ್ತಿ ಸುತ್ತು ತಿರುಗಿದ. ಎದುರಿಗೆ ಮತ್ತೆ ಗುರುಗಳೇ.

"ಹೊರಟಲ್ಲಿಗೇ ಬಂದೆನಲ್ಲ. ಇದನ್ನು ಮುನ್ನೂರ ಅರವತ್ತು ಅನ್ನಬೇಕೋ, ಸೊನ್ನೆ ಅನ್ನಬೇಕೋ?"

"ದಾರಿಯಲ್ಲಿ ಏನೇನು ಕಂಡಿತು?"

ತಲೆ ಸುತ್ತದಿರಲಿ ಎಂದು ಕಣ್ಣು ಮುಚ್ಚಿಕೊಂಡಿದ್ದೆ ಎಂದ ಮಾರ್ತಾಂಡ.

ಗುರುಗಳು ಹೇಳಿದರು: "ಹಾಗಾದರೆ ನಿನ್ನದು ಸೊನ್ನೆ."